ಎತ್ತರದ ಫಲಕ, ಪೆನ್ಸಿಲ್ಲಿನ ತಿದ್ದುಪಡಿ

ಮನೆಯ ಅಟ್ಟದ ಮೇಲೆ ನಾವು ಇಡುವ ವಸ್ತುಗಳು ಎರಡು ಬಗೆಯವು. ಮುಂದೆಂದಾದರೂ ಬೇಕಾದೀತೆಂದು ಇಟ್ಟವು ಕೆಲವು. ಬೇಡವೆಂದು ಹೇಳುವ ಧೈರ್ಯ ಸಾಲದೆ ಇಟ್ಟವು ಹಲವು. ಕಳೆದ ದೀಪಾವಳಿಗೆ ಮುನ್ನ ಧಾರವಾಡದ ನಮ್ಮ ಮನೆಯ ಅಟ್ಟವನ್ನು ಶುಚಿಗೊಳಿಸುವಾಗ ಎರಡನೆಯ ಬಗೆಯ ವಸ್ತುವೊಂದು ಕೆಳಗಿಳಿಯಿತು. ಅದು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಒಳಗೆ ಸಾಲಾಗಿ ಜೋಡಿಸಿಟ್ಟ 36 ಸ್ಲೈಡುಗಳು, ಒಂದೊಂದರ ಚೌಕಟ್ಟಿನ ಮೇಲೂ ನಮ್ಮ ತಂದೆಯವರ ಸಣ್ಣ, ದುಂಡನೆಯ ಅಕ್ಷರ. ತಂದೆಯವರು 2019ರಲ್ಲಿ ಲಿಂಗೈಕ್ಯರಾದರು. ಡಬ್ಬಿಯನ್ನು ಎಸೆಯುವುದೋ ಇಡುವುದೋ ಎಂಬ ಪ್ರಶ್ನೆಗೆ ಉತ್ತರ ಹೇಳಲು ಅವರಿರಲಿಲ್ಲ. ಉತ್ತರವನ್ನು ಆ ಸ್ಲೈಡುಗಳೇ ಹೇಳಿದವು. ಅದನ್ನು ಈ ತಿಂಗಳು ಓದುಗ ಬಂಧುಗಳೊಡನೆ ಹಂಚಿಕೊಳ್ಳುವ ಅಪೇಕ್ಷೆ ನನ್ನದು.

ತಂದೆಯವರು ಭೂಗೋಳದ ಅಧ್ಯಾಪಕರಾಗಿದ್ದರು. 1995ರ ಜುಲೈ ತಿಂಗಳಿನಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ಹಿಮಾಚಲದ ಮನಾಲಿಯಿಂದ ಲಡಾಖಿನ ಲೇಹ್ ನಗರಕ್ಕೆ ಬಸ್ಸಿನಲ್ಲಿ ಪ್ರಯಾಣ ಮಾಡಿದ್ದರು. ಆ ಮಾರ್ಗ ಪ್ರವಾಸಿಗರಿಗೆ ತೆರೆದದ್ದು 1989ರಲ್ಲಿ; ಆಗ ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರವೇ ಹಿಮ ಕರಗಿ ದಾರಿ ಬಿಡುತ್ತಿತ್ತು. ಅವರ ಬಳಿ ಇದ್ದದ್ದು ಒಂದೇ ಸುರುಳಿ ಫಿಲ್ಮು. ಅದರಲ್ಲಿ ಹಿಮಶಿಖರಗಳೇ ತುಂಬಿರಬಹುದೆಂದು ನಾವು ಎಣಿಸಿದ್ದೆವು. ಆದರೆ ಅರ್ಧಕ್ಕಿಂತ ಹೆಚ್ಚಿನವು ರಸ್ತೆಯ ಬದಿಯ ಫಲಕಗಳ ಚಿತ್ರಗಳು! ಕಣಿವೆದಾರಿಯ ನೆತ್ತಿಯಲ್ಲಿ ನಿಂತ ಹಳದಿ ಫಲಕ, ಅದರ ಮೇಲೆ ಕಪ್ಪು ಅಕ್ಷರದಲ್ಲಿ ಸ್ಥಳದ ಹೆಸರು, ಅಡಿಗಳಲ್ಲಿ ಎತ್ತರ.

ಇದೇಕೆ ಹೀಗೆ ಎಂದು ತಾಯಿಯವರನ್ನು ಕೇಳಿದೆ. ಅವರು ನಕ್ಕು, ತಾವು ಹಿಂದೆ ಇದೇ ಪ್ರಶ್ನೆಯನ್ನು ಕೇಳಿದ್ದಾಗಿ ಹೇಳಿದರು. "ಬರಿಯ ಹಿಮವನ್ನು ತೋರಿಸಿದರೆ ವಿದ್ಯಾರ್ಥಿಗಳು ಇದು ಎಲ್ಲಿಯದು ಎನ್ನುತ್ತಾರೆ. ಫಲಕವಿದ್ದರೆ ಚಿತ್ರ ತಾನೇ ತನ್ನ ಹೆಸರನ್ನು ಹೇಳಿಕೊಳ್ಳುತ್ತದೆ" ಎಂಬುದು ತಂದೆಯವರ ಉತ್ತರವಾಗಿತ್ತಂತೆ.

ಇಂದಿನ ಮಕ್ಕಳಿಗೆ ಸ್ಲೈಡ್ ಎಂದರೆ ಗಣಕಯಂತ್ರದ ಪರದೆಯ ಮೇಲೆ ಮೂಡುವ ಪುಟ. ನಮ್ಮ ಕಾಲದ ಸ್ಲೈಡು ಕೈಯಲ್ಲಿ ಹಿಡಿಯುವ ವಸ್ತು. 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರದ ಪಾರದರ್ಶಕ ಫಿಲ್ಮಿನ ತುಣುಕನ್ನು ಐದು ಸೆಂಟಿಮೀಟರಿನ ರಟ್ಟಿನ ಇಲ್ಲವೆ ಪ್ಲಾಸ್ಟಿಕ್ಕಿನ ಚೌಕಟ್ಟಿನಲ್ಲಿ ಕೂಡಿಸಿರುತ್ತಿದ್ದರು. ಇದಕ್ಕೆ ನೆಗೆಟಿವ್ ಎಂಬುದಿಲ್ಲ. ಕ್ಯಾಮರಾದೊಳಗಿದ್ದ ಫಿಲ್ಮೇ ರಾಸಾಯನಿಕ ಸಂಸ್ಕಾರವನ್ನು ಪಡೆದು ಚಿತ್ರವಾಗುತ್ತದೆ. ಆದುದರಿಂದ ಒಂದು ಸ್ಲೈಡು ಹಾಳಾದರೆ ಅದರ ಮೂಲವೇ ಹಾಳಾದಂತೆ. ಇನ್ನೊಂದು ಮಾತೂ ಇದೆ. ನಾವು ಬೆರಳಿನಲ್ಲಿ ಹಿಡಿದಿರುವ ಈ ತುಣುಕು ಆ ದಿನ ಆ ಕಣಿವೆಯ ನೆತ್ತಿಗೆ ಹೋಗಿ, ಅಲ್ಲಿಯ ಬೆಳಕನ್ನು ತನ್ನ ಮೈಮೇಲೆ ಧರಿಸಿ ಬಂದದ್ದು. ಪ್ರತಿಯನ್ನು ನೋಡುವುದಕ್ಕೂ ಸಾಕ್ಷಿಯನ್ನೇ ನೋಡುವುದಕ್ಕೂ ಇರುವ ಅಂತರ ಇದು. ಇಂಥ ಫಿಲ್ಮುಗಳಲ್ಲಿ ಅತ್ಯಂತ ಹೆಸರಾಗಿದ್ದ ಕೊಡಾಕ್ರೋಮ್ 1935ರಲ್ಲಿ ಆರಂಭವಾಗಿ 2009ರಲ್ಲಿ ನಿಂತುಹೋಯಿತು. ಶಾಲೆಗಳಿಗೂ ಸಭಾಭವನಗಳಿಗೂ ಪರಿಚಿತವಾಗಿದ್ದ ಕೊಡಾಕ್ ಸಂಸ್ಥೆಯ ಸ್ಲೈಡ್ ಪ್ರೊಜೆಕ್ಟರುಗಳ ತಯಾರಿಕೆ 2004ರಲ್ಲೇ ಮುಗಿದಿತ್ತು.

ಪರಿಚಿತರೊಬ್ಬರ ಮನೆಯಿಂದ ಹಳೆಯ ಪ್ರೊಜೆಕ್ಟರನ್ನು ತಂದು, ಪಡಸಾಲೆಯ ಗೋಡೆಗೆ ಬಿಳಿಯ ಧೋತರವನ್ನು ಕಟ್ಟಿ, ಒಂದು ಸಂಜೆ ಮನೆಮಂದಿಯೆಲ್ಲ ಕುಳಿತೆವು. ಸ್ಲೈಡನ್ನು ಯಂತ್ರದೊಳಗೆ ಇಡಲು ಎಂಟು ವಿಧಗಳಿವೆ, ಸರಿಯಾದದ್ದು ಒಂದೇ. ನನ್ನ ಮಗಳು ಇಟ್ಟ ಮೊದಲ ಸ್ಲೈಡಿನಲ್ಲಿ ಬೆಟ್ಟ, ಹಿಮ, ಆಕಾಶ ಎಲ್ಲವೂ ಸರಿಯಾಗಿಯೇ ಕಂಡವು. ಫಲಕದ ಅಕ್ಷರಗಳು ಮಾತ್ರ ಕನ್ನಡಿಯೊಳಗಿನಂತೆ ತಿರುವುಮುರುವಾಗಿದ್ದವು. ಮಕ್ಕಳು ನಕ್ಕರು. ನನಗೆ ಮಾತ್ರ ಒಂದು ವಿಚಾರ ಹೊಳೆಯಿತು. ಫಲಕವಿರದಿದ್ದರೆ ಎಡದ ಬೆಟ್ಟ ಬಲಕ್ಕೂ ಬಲದ ಪ್ರಪಾತ ಎಡಕ್ಕೂ ಸರಿದದ್ದು ನಮ್ಮಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ತಪ್ಪನ್ನು ತೋರಿಸಿಕೊಟ್ಟದ್ದು ಅಕ್ಷರ. ಆದರೆ ಅಕ್ಷರವೇ ತಪ್ಪಾಗಿದ್ದರೆ? ಆ ಪ್ರಶ್ನೆಗೆ ಉತ್ತರವೂ ಅದೇ ಡಬ್ಬಿಯಲ್ಲಿತ್ತು.

ಲಡಾಖಿನ ಜನರ ಭಾಷೆಯಲ್ಲಿ 'ಲಾ' ಎಂದರೆ ಪರ್ವತಗಳ ನಡುವಿನ ಕಣಿವೆದಾರಿ. ಮನಾಲಿಯಿಂದ ಹೊರಟವರು ಮೊದಲು ಏರಬೇಕಾಗಿದ್ದದ್ದು 3,978 ಮೀಟರ್ ಎತ್ತರದ ರೋಹ್ತಾಂಗ್. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ, 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಆ ಏರುದಾರಿಯನ್ನು ತಪ್ಪಿಸಿದೆ. ಇಂದು ಲೇಹ್‌ಗೆ ಹೋಗುವವರು ರೋಹ್ತಾಂಗಿನ ಫಲಕವನ್ನು ಕಾಣಬೇಕಾಗಿಯೇ ಇಲ್ಲ. ತಂದೆಯವರ ಸ್ಲೈಡಿನಲ್ಲಿ ಅದರ ಮುಂದೆ ಬಸ್ಸುಗಳು ಸಾಲುಗಟ್ಟಿ ನಿಂತಿವೆ. ಅಲ್ಲಿಂದ ಮುಂದೆ ಬಾರಾಲಾಚಾ ಲಾ, ಗಾಟಾ ಎಂಬಲ್ಲಿಯ 21 ತಿರುವುಗಳು, ಐದು ಸಾವಿರ ಮೀಟರನ್ನು ದಾಟುವ ಲಾಚುಲುಂಗ್ ಲಾ, ಅದಕ್ಕೂ ಎತ್ತರದ ತಂಗ್ಲಂಗ್ ಲಾ. ಈ ಕೊನೆಯದರ ಫಲಕ 17,582 ಅಡಿ ಎಂಬ ಎತ್ತರವನ್ನು ಸಾರಿ, ನೀವು ಪ್ರಪಂಚದ ಎರಡನೆಯ ಅತ್ಯುನ್ನತ ಕಣಿವೆಯನ್ನು ದಾಟುತ್ತಿದ್ದೀರಿ, ನಂಬಲಾಗದು ಅಲ್ಲವೇ ಎಂದು ಪ್ರಯಾಣಿಕನನ್ನು ಕೇಳುತ್ತದೆ. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಈ ಫಲಕಗಳನ್ನು ನಿಲ್ಲಿಸಿದವರು ಗಡಿ ರಸ್ತೆಗಳ ಸಂಸ್ಥೆಯವರು. 1960ರ ಮೇ 7ರಂದು ಆರಂಭವಾದ ಆ ಸಂಸ್ಥೆ ಲಡಾಖಿನ ಕೆಲಸಕ್ಕಾಗಿ 1985ರಲ್ಲಿ 'ಹಿಮಾಂಕ್' ಎಂಬ ಯೋಜನೆಯನ್ನು ಕೈಗೊಂಡಿತು. ಎತ್ತರವನ್ನು ಹೇಳುವ ಫಲಕಗಳಲ್ಲದೆ ಚಾಲಕರಿಗೆ ಬುದ್ಧಿ ಹೇಳುವ ಫಲಕಗಳನ್ನೂ ಅವರು ದಾರಿಯುದ್ದಕ್ಕೂ ನೆಟ್ಟಿದ್ದಾರೆ. ಇದು ಹೆದ್ದಾರಿ, ವಿಮಾನದ ಓಡುದಾರಿಯಲ್ಲ ಎನ್ನುತ್ತದೆ ಒಂದು. 'ಆಫ್ಟರ್ ವ್ಹಿಸ್ಕಿ, ಡ್ರೈವಿಂಗ್ ರಿಸ್ಕಿ' ಎನ್ನುವ ಇನ್ನೊಂದು, ಮದ್ಯದ ಕೇಡನ್ನು ಪ್ರಾಸಬದ್ಧವಾಗಿ ಸಾರುತ್ತದೆ. ಹೆಣ್ಣಿನ ಅಂಗಾಂಗಕ್ಕೆ ತಿರುವನ್ನು ಹೋಲಿಸಿ ನಗಿಸಲು ಹೊರಟ ಫಲಕಗಳೂ ಆ ಪ್ರದೇಶದಲ್ಲಿ ಇದ್ದವು. ಅವುಗಳ ಒಂದು ಚಿತ್ರವೂ ಡಬ್ಬಿಯಲ್ಲಿಲ್ಲ. ತಂದೆಯವರು ತರಗತಿಯ ಹೆಣ್ಣುಮಕ್ಕಳನ್ನು ನೆನೆದು ಕ್ಯಾಮರಾವನ್ನು ಕೆಳಗಿಳಿಸಿರಬೇಕು.

ಇನ್ನು ಮುಖ್ಯವಾದ ಸ್ಲೈಡಿನ ಮಾತು. ಲೇಹ್‌ನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ನುಬ್ರಾ ಕಣಿವೆಗೆ ಇಳಿಯುವ ದಾರಿಯ ನೆತ್ತಿಯಲ್ಲಿರುವುದು ಖರ್ದುಂಗ್ ಲಾ. 1976ರಲ್ಲಿ ನಿರ್ಮಾಣವಾದ ಈ ದಾರಿ ಸಾರ್ವಜನಿಕ ವಾಹನಗಳಿಗೆ ತೆರೆದದ್ದು 1988ರಲ್ಲಿ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧದಷ್ಟು. ಹತ್ತು ಹೆಜ್ಜೆ ಬೇಗ ನಡೆದರೆ ಏದುಸಿರು ಬರುತ್ತದೆ. ಅಲ್ಲಿ ನಿಂತಿದ್ದ ಫಲಕ 18,380 ಅಡಿ ಎಂದೂ, ವಾಹನ ಸಂಚರಿಸುವ ರಸ್ತೆಗಳಲ್ಲಿ ಇದು ಜಗತ್ತಿನಲ್ಲೇ ಅತ್ಯಂತ ಎತ್ತರದ್ದೆಂದೂ ಘೋಷಿಸುತ್ತಿತ್ತು. ತಂದೆಯವರು ಆ ಫಲಕದ ಚಿತ್ರ ತೆಗೆದರು. ಚೌಕಟ್ಟಿನ ಮೇಲೆ ಶಾಯಿಯಲ್ಲಿ "ಖರ್ದುಂಗ್ ಲಾ, 18,380 ಅಡಿ, ಜಗತ್ತಿನಲ್ಲೇ ಎತ್ತರ" ಎಂದು ಬರೆದರು. ನಿವೃತ್ತರಾಗುವವರೆಗೆ ಪ್ರತಿ ವರ್ಷವೂ ಅದನ್ನು ತರಗತಿಯಲ್ಲಿ ತೋರಿಸಿದರು. ವಿದ್ಯಾರ್ಥಿಗಳು ಬರೆದುಕೊಂಡರು, ಪರೀಕ್ಷೆಯಲ್ಲಿಯೂ ಬರೆದರು, ಅಂಕ ಪಡೆದರು.

2010ರಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬ ಮೋಟಾರು ಸೈಕಲ್ಲಿನ ಮೇಲೆ ಲಡಾಖಿಗೆ ಹೋಗಿ ಬಂದು, ಗುರುಗಳನ್ನು ಕಾಣಲು ಮನೆಗೆ ಬಂದ. ಉಪಗ್ರಹದ ನೆರವಿನಿಂದ ಎತ್ತರವನ್ನಳೆಯುವ ಉಪಕರಣ ಅವನ ಬಳಿ ಇತ್ತು. "ಸರ್, ನೀವು ಹೇಳಿದ್ದ ಎತ್ತರ ಅಲ್ಲಿಲ್ಲ" ಎಂದು ಸಂಕೋಚದಿಂದಲೇ ಹೇಳಿದ. ತಂದೆಯವರು ಒಪ್ಪಲಿಲ್ಲ. ಅವನು ಹೋದ ಮೇಲೆ ನಕ್ಷೆಗಳನ್ನೂ ಲೆಕ್ಕಗಳನ್ನೂ ತಡಕಿದರು. ಅವನ ಮಾತು ನಿಜವಾಗಿತ್ತು. ಆಧುನಿಕ ಅಳತೆಯಂತೆ ಖರ್ದುಂಗ್ ಲಾದ ಎತ್ತರ 5,359 ಮೀಟರ್, ಅಂದರೆ 17,582 ಅಡಿ. ಓದುಗರಿಗೆ ನೆನಪಾಯಿತೇ? ಖರ್ದುಂಗ್ ಲಾಕ್ಕೆ ಸಲ್ಲಬೇಕಾದ ಸಂಖ್ಯೆ ತಂಗ್ಲಂಗ್ ಲಾದ ಫಲಕದ ಮೇಲೆ ನಿಂತಿತ್ತು. ಹದಿನೈದು ವರ್ಷ ಅದೇ ಡಬ್ಬಿಯೊಳಗೆ, ನಾಲ್ಕಾರು ಸ್ಲೈಡುಗಳ ಆಚೆಗೆ, ಮೌನವಾಗಿ ಕುಳಿತಿತ್ತು. ಅಸಲಿಗೆ ತಂಗ್ಲಂಗ್ ಲಾ ಕೂಡ ತನ್ನ ಫಲಕಕ್ಕಿಂತ ಸುಮಾರು ನೂರು ಅಡಿ ತಗ್ಗಿನಲ್ಲಿದೆ.

ಆ ರಾತ್ರಿ ತಂದೆಯವರು ಊಟದ ಮುಂದೆ ಮಂಕಾಗಿ ಕುಳಿತದ್ದನ್ನು ನಾನು ಕಂಡಿದ್ದೇನೆ. "ಹೋಗಲಿ ಬಿಡು. ವಿದ್ಯಾರ್ಥಿಗಳು ದಿಕ್ಕಿಗೊಬ್ಬರಾಗಿ ಹೋಗಿದ್ದಾರೆ. ತಪ್ಪು ಫಲಕದ್ದು, ನನ್ನದಲ್ಲ. ಈಗ ಯಾರಿಗೆ ಹೇಳಲಿ?" ಎಂದರು. ತಾಯಿಯವರು ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟು, "ಮಾರಯ್ಯಗ ಲಕ್ಕಮ್ಮ ಏನ ಹೇಳಿದಳೋ ನಾನೂ ಅದನ್ನ ಹೇಳತೀನಿ. ಹೆಚ್ಚಿಗಿ ಬಂದದ್ದನ್ನ ತಿರುಗಿ ಕೊಟ್ಟ ಬರ್ರಿ" ಎಂದರು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದ ಶರಣ ಕುಟುಂಬವಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಹೊತ್ತುತಂದ ಪತಿಯನ್ನು ಲಕ್ಕಮ್ಮ ಬಾಗಿಲಲ್ಲೇ ತಡೆದಳು. ಅಂದಿನ ಅಗತ್ಯಕ್ಕೆ ಮೀರಿದ್ದು ನಮ್ಮದಲ್ಲವೆಂದು ತಿಳಿಹೇಳಿ, ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಮಾಡಿದಳು. ಮಾರಯ್ಯ ಕದ್ದು ತಂದಿರಲಿಲ್ಲ; ಅದು ಅವನಿಗೆ ದೊರೆತದ್ದು. ಆದರೂ ಹೆಚ್ಚಾದದ್ದು ಹೆಚ್ಚಾದದ್ದೇ. ಆ ಅಕ್ಕಿಯ ಹಾಗೆಯೇ ತಂದೆಯವರ ಪಾಲಿಗೂ ಎಣಿಸಿ 798 ಅಡಿ ಹೆಚ್ಚಾಗಿ ಬಂದಿತ್ತು. ಅದನ್ನು ಅವರು ಸೃಷ್ಟಿಸಲಿಲ್ಲ. ಫಲಕದಿಂದ ಆಯ್ದು ತಂದರು, ಹಂಚಿದರು.

ಅವರು ಎರಡು ಕೆಲಸ ಮಾಡಿದರು. ಸ್ಲೈಡಿನ ಚೌಕಟ್ಟಿನ ಮೇಲೆ, ಹಳೆಯ ಶಾಯಿಯ ಬರಹವನ್ನು ಅಳಿಸದೆ, ಕೆಳಗೆ ಪೆನ್ಸಿಲ್ಲಿನಲ್ಲಿ "17,582. ಫಲಕವೂ ತಪ್ಪು, ನಾನೂ ತಪ್ಪು" ಎಂದು ಬರೆದರು. ಮುಂದಿನ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಮಾತಿನ ಸರದಿ ಬಂದಾಗ, ಸಭೆಯಲ್ಲಿದ್ದ ತಮ್ಮ ಆರೇಳು ಮಂದಿ ಹಳೆಯ ವಿದ್ಯಾರ್ಥಿಗಳನ್ನು ಹೆಸರು ಹಿಡಿದು ಎಬ್ಬಿಸಿ, "ನಿಮಗೆ ನಾನು ತಪ್ಪು ಕಲಿಸಿದ್ದೇನೆ, ತಿದ್ದಿಕೊಳ್ಳಿ; ನಿಮ್ಮ ಸಹಪಾಠಿಗಳಿಗೂ ತಿಳಿಸಿ" ಎಂದರು. ಕೆಲವರು ನಕ್ಕರು. ಮೂವತ್ತು ದಾಟಿದ ಆ ವಿದ್ಯಾರ್ಥಿಗಳಲ್ಲಿ ಒಬ್ಬಾತ ಮಾತ್ರ ಕಿಸೆಯಿಂದ ಪೆನ್ನು ತೆಗೆದು ಬರೆದುಕೊಂಡ.

ಅತ್ಯುನ್ನತವೆಂಬ ಬಿರುದಿನ ಗತಿಯೂ ಇಷ್ಟೇ. 2021ರ ನವೆಂಬರಿನಲ್ಲಿ ಲಡಾಖಿನದೇ ಆದ ಉಮ್ಲಿಂಗ್ ಲಾ ರಸ್ತೆಗೆ, 19,024 ಅಡಿ ಎತ್ತರಕ್ಕಾಗಿ, ಗಿನ್ನೆಸ್ ದಾಖಲೆಯ ಪ್ರಮಾಣಪತ್ರ ದೊರೆಯಿತು. ಬಿರುದು ಸ್ಥಾವರವಲ್ಲ, ಒಬ್ಬರ ಬಾಗಿಲಿನಿಂದ ಇನ್ನೊಬ್ಬರ ಬಾಗಿಲಿಗೆ ಹೋಗುತ್ತಲೇ ಇರುತ್ತದೆ. ಅದನ್ನು ನಂಬಿ ಫಲಕ ಬರೆಸಿದವರು ಮತ್ತೆ ಮತ್ತೆ ಬಣ್ಣ ಬಳಿಯಬೇಕಾಗುತ್ತದೆ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಆ ಸಂಜೆ ಧೋತರದ ಪರದೆಯ ಮೇಲೆ ಇನ್ನೊಂದು ಸಂಗತಿ ಕಂಡಿತು. ಖರ್ದುಂಗ್ ಲಾದ ಸ್ಲೈಡನ್ನು ಕೈಯಲ್ಲಿ ಹಿಡಿದು ನೋಡಿದಾಗ ಫಲಕವಷ್ಟೇ ಕಾಣುತ್ತದೆ. ಗೋಡೆಯಗಲ ಹಿಗ್ಗಿದಾಗ, ಚಿತ್ರದ ಬಲ ಅಂಚಿನಲ್ಲಿ, ಅರ್ಧ ದೇಹ ಮಾತ್ರ ಕಾಣುವಂತೆ ಒಬ್ಬ ಹೆಣ್ಣುಮಗಳು ಕುಳಿತಿರುವುದು ತಿಳಿಯಿತು. ತಲೆಗೂ ಮುಖಕ್ಕೂ ಸುತ್ತಿದ ಬಟ್ಟೆ, ಕೈಯಲ್ಲಿ ಕಲ್ಲು ಒಡೆಯುವ ಸುತ್ತಿಗೆ, ಮುಂದೆ ಜಲ್ಲಿಯ ಸಣ್ಣ ರಾಶಿ, ಪಕ್ಕದಲ್ಲಿ ಡಾಂಬರಿನ ಪೀಪಾಯಿ. ತಂದೆಯವರು ಅವಳ ಚಿತ್ರ ತೆಗೆಯಲು ಹೊರಟವರಲ್ಲ. ಫಲಕವನ್ನು ಹಿಡಿಯಲು ಹೋದಾಗ ಅವಳು ತಾನಾಗಿ ಬಂದಿದ್ದಾಳೆ. ಇಷ್ಟು ವರ್ಷ ನಾವು ಯಾರೂ ಅವಳನ್ನು ನೋಡಿರಲಿಲ್ಲ. ಮೊದಲು ಕಂಡವರು ತಾಯಿಯವರೇ.

ಲಡಾಖಿನ ರಸ್ತೆಗಳ ಕೆಲಸಕ್ಕೆ ದಶಕಗಳಿಂದಲೂ ದೂರದ ಬಡ ಜನ ಬರುತ್ತಿದ್ದಾರೆ. ಅಂದು ಬಿಹಾರದಲ್ಲಿದ್ದು 2000ದಿಂದ ಜಾರ್ಖಂಡಕ್ಕೆ ಸೇರಿದ ದುಮ್ಕಾ ಕಡೆಯವರು, ನೇಪಾಳದವರು ಅವರಲ್ಲಿ ಬಹಳ. ಬಯಲಿನಲ್ಲಿ ಹುಟ್ಟಿ ಬೆಳೆದವರು ಬೇಸಿಗೆಯ ಕೆಲವು ತಿಂಗಳು ಉಸಿರು ಸಾಲದ ಎತ್ತರದಲ್ಲಿ ಕಲ್ಲು ಒಡೆಯುತ್ತಾರೆ, ಡಾಂಬರು ಕಾಯಿಸುತ್ತಾರೆ, ಹಿಮಪಾತ ಕೆಡಿಸಿದ್ದನ್ನು ಮತ್ತೆ ಕಟ್ಟುತ್ತಾರೆ. ದಾರಿಯ ಬದಿಯಲ್ಲಿ ಅಲ್ಲಲ್ಲಿ, ಕೆಲಸದಲ್ಲಿ ಮಡಿದವರ ಸ್ಮಾರಕಶಿಲೆಗಳೂ ಇವೆ. ಪ್ರಯಾಣಿಕರು ಫಲಕದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಈ ಶಿಲೆಗಳ ಮುಂದೆ ವಾಹನ ನಿಲ್ಲುವುದು ವಿರಳ. ಗಡಿ ರಸ್ತೆಗಳ ಸಂಸ್ಥೆಯ ಧ್ಯೇಯವಾಕ್ಯ 'ಶ್ರಮೇಣ ಸರ್ವಂ ಸಾಧ್ಯಂ' ಎಂಬುದು. ಶ್ರಮದಿಂದ ಸಕಲವೂ ಸಾಧ್ಯವೆಂದು ಅದರ ಅರ್ಥ. ಕಾಯಕವನ್ನೇ ಪೂಜೆಯ ಎತ್ತರಕ್ಕೆ ಏರಿಸಿದ ಶರಣರ ಮಕ್ಕಳಾದ ನಮಗೆ ಈ ಮಾತು ಹೊಸದಲ್ಲ. ಹೊಸದಾದದ್ದು ನಮ್ಮ ಮರೆವು. ಫಲಕ ಎತ್ತರವನ್ನು 798 ಅಡಿ ಹೆಚ್ಚು ಹೇಳಿತು; ಆ ಎತ್ತರಕ್ಕೆ ರಸ್ತೆಯನ್ನು ಹೊತ್ತೊಯ್ದವರ ಹೆಸರನ್ನು ಒಂದಕ್ಷರವೂ ಹೇಳಲಿಲ್ಲ.

ಲಡಾಖಿನ ಬೌದ್ಧರಲ್ಲಿ ಒಂದು ಪದ್ಧತಿ ಇದೆ. ಕಣಿವೆಯ ನೆತ್ತಿಯನ್ನು ತಲುಪಿದಾಗ ಅವರು 'ಲ್ಹಾ ಗ್ಯಾಲೊ' ಎಂದು ಕೂಗುತ್ತಾರೆ, ಕಲ್ಲಿನ ರಾಶಿಗೆ ತಮ್ಮದೂ ಒಂದು ಕಲ್ಲನ್ನು ಸೇರಿಸುತ್ತಾರೆ. ದೇವತೆಗಳಿಗೆ ಜಯವಾಗಲಿ ಎಂಬುದು ಆ ಕೂಗಿನ ಅರ್ಥ, ನನಗೆ ಜಯವಾಯಿತೆಂದಲ್ಲ. ಎತ್ತರದಲ್ಲಿ ನಿಂತವನ ಬಾಯಲ್ಲಿ ಬರಬೇಕಾದ ಮಾತು ಅದೇ ಅಲ್ಲವೇ?

ಮನೆಯಲ್ಲಿ ಇಂಥ ಸ್ಲೈಡುಗಳನ್ನು ಇಟ್ಟುಕೊಂಡಿರುವ ಬಂಧುಗಳಿಗೆ ಒಂದೆರಡು ಸೂಚನೆ. ಸ್ಲೈಡಿಗೆ ತೇವವೇ ಮೊದಲ ಶತ್ರು. ನಮ್ಮ ಮಳೆಗಾಲದಲ್ಲಿ ಬೂಷ್ಟು ಜೇಡರ ಬಲೆಯಂತೆ ಹಬ್ಬಿ ಚಿತ್ರವನ್ನು ತಿನ್ನುತ್ತದೆ. ತಂಪಾದ, ಒಣಗಿದ ಸ್ಥಳದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಿ. ಪಿ.ವಿ.ಸಿ. ಪ್ಲಾಸ್ಟಿಕ್ಕಿನ ಹಾಳೆಗಳಲ್ಲಿ ಇಡಬೇಡಿ. ನೀರಿನಿಂದ ಒರೆಸಬೇಡಿ, ಧೂಳನ್ನು ಮೆತ್ತನೆಯ ಕುಂಚದಿಂದ ಮಾತ್ರ ಸರಿಸಿ. ಪ್ರೊಜೆಕ್ಟರಿನ ದೀಪದ ಮುಂದೆ ಒಂದೇ ಚಿತ್ರವನ್ನು ಬಹಳ ಹೊತ್ತು ನಿಲ್ಲಿಸಿದರೆ ಬಣ್ಣ ಮಾಸುತ್ತದೆ. ಸ್ಕ್ಯಾನ್ ಮಾಡಿಸಿದ ಮೇಲೂ ಮೂಲವನ್ನು ಎಸೆಯಬೇಡಿ. ಚೌಕಟ್ಟಿನ ಮೇಲೆ ಅಚ್ಚಾದ ತಿಂಗಳು ಮತ್ತು ವರ್ಷ ಫಿಲ್ಮನ್ನು ಸಂಸ್ಕರಿಸಿದ ಕಾಲವನ್ನು ಸೂಚಿಸುತ್ತದೆಯೇ ಹೊರತು ಚಿತ್ರ ತೆಗೆದ ದಿನವನ್ನಲ್ಲ ಎಂಬುದು ನೆನಪಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಹಿರಿಯರು ಇರುವಾಗಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೂ ತೋರಿಸಿ, ಅವರು ಹೇಳಿದ್ದನ್ನು ಬರೆದಿಡಿ. ಚಿತ್ರದ ನಡುವಿನದನ್ನು ಮಾತ್ರವಲ್ಲ, ಅಂಚಿನದನ್ನೂ ಕೇಳಿ.

ನಮ್ಮ ಡಬ್ಬಿ ಅಟ್ಟಕ್ಕೆ ಮರಳಲಿಲ್ಲ. ದೇವರ ಮನೆಯ ಪಕ್ಕದ ಗೂಡಿನಲ್ಲಿದೆ. ಚಿತ್ರಗಳನ್ನು ಗಣಕಯಂತ್ರಕ್ಕೆ ಇಳಿಸಿ ಅಡಿಬರಹ ಬರೆಯುವಾಗ ಮಗಳು, "ಅಜ್ಜನ ಶಾಯಿಯನ್ನು ಬರೆಯಲೋ, ಪೆನ್ಸಿಲನ್ನು ಬರೆಯಲೋ?" ಎಂದು ಕೇಳಿದಳು. ಎರಡನ್ನೂ ಬರೆ ಎಂದೆ. ತಪ್ಪನ್ನು ಅಳಿಸಿಬಿಟ್ಟರೆ ತಿದ್ದಿದವನ ಮನಸ್ಸು ಯಾರಿಗೂ ಕಾಣದು. ತಾಯಿಯವರು ಮೂರನೆಯ ಸಾಲೊಂದನ್ನು ಹೇಳಿ ಬರೆಯಿಸಿದರು: "ಬಲಗಡೆ ಕುಂತಾಕಿ ಈ ರಸ್ತಾ ಮಾಡಿದಾಕಿ. ಹೆಸರ ಕೇಳಲಿಲ್ಲ."

ಹೆಚ್ಚಾದದ್ದನ್ನು ಹಿಂದಿರುಗಿಸುವುದು, ಬಿಟ್ಟುಹೋದದ್ದನ್ನು ಸೇರಿಸುವುದು: ಲೆಕ್ಕ ಸರಿಹೋಗಲು ಇವೆರಡೂ ಬೇಕು. ಒಂದನ್ನು ತಂದೆಯವರು ಮಾಡಿದರು. ಇನ್ನೊಂದು ನಮ್ಮ ಪಾಲಿಗೆ ಉಳಿದಿತ್ತು.